ಹಿಲ್ಕೆ ಆಡಿದ ಮಾತು

"ತುದಿ ಮುರಿದ ಮೇಲೆ ನಾರೂ ಎಳೀಬೇಕು, ತೇದಾ. ನಾರು ಉಳಿದ್ರೆ ಚಳಿಗಾಲದಲ್ಲಿ ಹಲ್ಲಿಗೆ ಸಿಕ್ಕೊಳ್ಳೋದು ನಂಗೆ, ನಿಂಗಲ್ಲ" ಎಂದಳು ಗೇಶೆ.

ಅಡಿಗೆಮನೆಯ ಮೇಜಿನ ಮೇಲೆ ಹುರುಳಿಕಾಯಿಯ ಗುಡ್ಡೆ. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ ಕೂತು, ದಪ್ಪ ಸೂಜಿಗೆ ನೂಲು ಹಾಕಿ ಕಾಯಿಗಳನ್ನು ಹೂವಿನಂತೆ ಪೋಣಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ಮಾಲೆ ಕಟ್ಟಿ ಒಲೆಯ ಮೇಲೆ ತೂಗುಹಾಕಿದರೆ, ಹೊರಗೆ ಹಸಿರು ಕಾಣದ ದಿನಗಳಲ್ಲಿ ಹಂದಿಮಾಂಸದ ಜೊತೆ ಬೇಯಿಸಲು ಒದಗುತ್ತದೆ.

ತೇದಾ ನಾರು ಎಳೆಯದೆಯೇ ಇನ್ನೊಂದು ಕಾಯಿ ಪೋಣಿಸಿದಳು. ಬೇಕರಿಯ ಕೆಲಸ ಮುಗಿಸಿ ಬಂದವಳು ಕೋಟನ್ನು ಕುರ್ಚಿಯ ಮೇಲೆಯೇ ಎಸೆದು ಕೂತಿದ್ದಳು. ಅದು ಅವಳ ಪದ್ಧತಿಯಲ್ಲ. ಸೂಜಿ ಬೆರಳಿಗೆ ಚುಚ್ಚಿತು.

"ಅಯ್ಯೋ, ಕಾಯಿಗೆ ರಕ್ತ ಹಚ್ಚಬೇಡ! ಏನಾಗಿದೆ ನಿಂಗಿವತ್ತು?"

"ಹಾಂಬುರ್ಗಿಂದ ಕಾಗದ ಬಂದಿದೆ ಅತ್ತೆ."

ಗೇಶೆಯ ಕೈ ನಿಂತಿತು. ದೊಡ್ಡ ಊರಿನಿಂದ ಕಾಗದ ಬಂದರೆ ಅದರಲ್ಲಿ ಏನಿರುತ್ತದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತೇದಾ ಒಂದು ಕಾದಂಬರಿ ಬರೆದಿದ್ದಳು. ಮಗಳು ಓಕ್ಕಾ ಶಾಲೆಗೆ ಸೇರಿದ ವರ್ಷ ಶುರು ಮಾಡಿದ್ದು. ಈಗ ಓಕ್ಕಾ ಶಾಲೆ ಮುಗಿಸಿ ಪೇಟೆಯ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದಳು. ಮಧ್ಯಾಹ್ನ ಪಾತ್ರೆ ತೊಳೆದು, ಅತ್ತೆ ಮಲಗಿದ ಮೇಲೆ, ಇದೇ ಮೇಜಿನ ಮೇಲೆ ಬರೆದದ್ದು. ಟೈಪು ಮಾಡಿ ಊರೂರಿನ ಪ್ರಕಾಶಕರಿಗೆ ಕಳಿಸಿದ್ದೆಲ್ಲ ಗೋಡೆಗೆ ಹೊಡೆದ ಚೆಂಡಿನಂತೆ ತಿರುಗಿ ಬಂದಿತ್ತು.

"ಬೇಡ ಅಂದ್ರಾ?" ಗೇಶೆ ಮೆಲ್ಲಗೆ ಕೇಳಿದಳು.

"ಇಲ್ಲ. ಹೂಂ ಅಂದಿದ್ದಾರೆ."

ಹೇಳಿ ತೇದಾ ಮತ್ತೆ ಕಾಯಿ ಪೋಣಿಸತೊಡಗಿದಳು. ಸಾವಿನ ಸುದ್ದಿ ತಂದವಳ ಮುಖ ಅವಳದು.

"ಹೂಂ ಅಂದ್ರೆ ಸಂತೋಷ ಪಡೋದು ಬಿಟ್ಟು ಬೆರಳು ಚುಚ್ಕೋತಾ ಕೂತಿದೀಯಲ್ಲೇ!"

"ಪುಸ್ತಕದಲ್ಲಿ ಜನ ಆಡೋ ಮಾತೆಲ್ಲ ಬದಲಾಯಿಸ್ಬೇಕಂತೆ. ನಮ್ಮ ಪ್ಲಾಟ್ ಮಾತು ಹಾಂಬುರ್ಗ್ ದಾಟಿದ್ರೆ ಯಾರಿಗೂ ತಿಳಿಯಲ್ವಂತೆ. ಎಲ್ಲಾ ಶಾಲೆ ಮಾತಲ್ಲಿ ಬರೀಬೇಕು. ಇಲ್ಲಿನ ಪದ್ಧತಿ ಬಂದ ಕಡೆಯಲ್ಲೆಲ್ಲ ಎರಡು ಸಾಲು ಬಿಡಿಸಿ ಹೇಳ್ಬೇಕು. ಒಪ್ಪಿದ್ರೆ ಕರಾರು ಕಳಿಸ್ತಾರೆ."

"ಅಷ್ಟೇನಾ?" ಗೇಶೆಗೆ ನಿಜವಾಗಿಯೂ ನಗು ಬಂತು. "ಪುಸ್ತಕ ಅಂದ್ರೆ ಶಾಲೆ ಮಾತೇ ಅಲ್ವಾ? ನಾವು ಮಾತಾಡಿದ ಹಾಗೇ ಅಚ್ಚು ಹಾಕ್ಸಿದ್ರೆ ಓದಿದವರು ನಗಲ್ವಾ?"

ಮನೆಯಲ್ಲಿ ಆಡುವ ಪ್ಲಾಟ್ ಮಾತು ಬಾಯಿ ತಪ್ಪಿ ಬಂದರೆ, ಗೇಶೆಯ ಕಾಲದ ಮೇಷ್ಟ್ರು ಬೆರಳ ಗಿಣ್ಣಿಗೆ ಮರದ ಪಟ್ಟಿಯಿಂದ ಹೊಡೆಯುತ್ತಿದ್ದರು. ಆ ಮಾತು ಅಡಿಗೆಮನೆಗೆ, ದನದ ಕೊಟ್ಟಿಗೆಗೆ, ಸೀಗಡಿ ಸುಲಿಯುವ ಮೇಜಿಗೆ. ಪಾದ್ರಿಗೆ, ಡಾಕ್ಟರಿಗೆ, ಪುಸ್ತಕಕ್ಕೆ ಇನ್ನೊಂದು. ಇದು ಅವಳಿಗೆ ಉಪ್ಪು ಉಪ್ಪಗಿರುವಷ್ಟೇ ಸಹಜವಾಗಿತ್ತು.

ಕಾದಂಬರಿಯಲ್ಲಿದ್ದದ್ದು ಗೇಶೆಯ ಅಕ್ಕ ಹಿಲ್ಕೆಯ ಕಥೆ. ಯುದ್ಧ ಮುಗಿದ ಮೇಲೆ ಪೂರ್ವದಿಂದ ಓಡಿಬಂದ ಒಂದು ಕುಟುಂಬವನ್ನು ಅವರ ತೌರಿನಲ್ಲಿ ಇರಿಸಿದ್ದರು. ಆ ಕುಟುಂಬದ ಹುಡುಗನನ್ನು ಹಿಲ್ಕೆ ಮೆಚ್ಚಿದಳು. ಅವನು ಬೇರೆ ಚರ್ಚಿನವನು. ತಾಯಿ ಕೂಡದು ಎಂದಳು. ಒಂದು ಭಾನುವಾರ ಹಿಲ್ಕೆ ಮನೆ ಬಿಟ್ಟು ಬ್ರೆಮರ್‌ಹಾಫೆನ್ ಬಂದರಿಗೆ ಹೋದವಳು ತಿರುಗಿ ಬರಲಿಲ್ಲ, ಅಲ್ಲಿಯೇ ತೀರಿಕೊಂಡಳು. ಗೇಶೆ ಇದನ್ನು ವರ್ಷಗಟ್ಟಲೆ, ಕಾಯಿ ಪೋಣಿಸುತ್ತ, ಆಲೂಗೆಡ್ಡೆ ಹೆರೆಯುತ್ತ, ಸೊಸೆಗೆ ಚೂರುಚೂರಾಗಿ ಹೇಳಿದ್ದಳು. ಆ ಚೂರುಗಳನ್ನು ಸೊಸೆ ಏನು ಮಾಡಿದಳೋ ನೋಡಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಕೇಳಿದರೆ ತೇದಾ, "ಅಚ್ಚಾಗಲಿ ಅತ್ತೆ, ಆಮೇಲೆ" ಎನ್ನುತ್ತಿದ್ದಳು.

ಅವತ್ತು ಸಂಜೆ ತೇದಾಳ ಗಂಡ ಊಬೊ, ತಗ್ಗು ಹೊಲಗಳ ನೀರೆತ್ತುವ ಠಾಣೆಯ ಕೆಲಸದಿಂದ ಬೂಟಿನ ತುಂಬ ಕೆಸರು ಹೊತ್ತು ಬಂದ. ಮೇಜಿನ ಮೇಲೆ ಬ್ರೆಡ್ಡು, ಗಿಣ್ಣು, ಹೊಗೆಯಾಡಿಸಿದ ಮೀನು. ಗೇಶೆ ಕಪ್ಪುಗಳಿಗೆ ಒಂದೊಂದು ಕಲ್ಲುಸಕ್ಕರೆ ಹಾಕಿ ಬಿಸಿ ಟೀ ಹೊಯ್ದಳು. ಸಕ್ಕರೆ ಚಟಚಟ ಎಂದು ಬಿರಿಯಿತು. ಅಂಚಿನಿಂದ ಕೆನೆ ಇಳಿಬಿಟ್ಟಳು. ಯಾರೂ ಕಲಕಲಿಲ್ಲ, ಅಲ್ಲಿ ಯಾರೂ ಕಲಕುವುದಿಲ್ಲ.

ಸುದ್ದಿ ಕೇಳಿದ ಓಕ್ಕಾ ಬ್ರೆಡ್ಡನ್ನು ತಟ್ಟೆಗೆ ಬಿಟ್ಟಳು. "ಅಮ್ಮ, ಒಪ್ಕೋಬೇಡ. ನಾವೇ ಅಚ್ಚು ಹಾಕ್ಸೋಣ. ನಮ್ಮ ಅಚ್ಚುಕೂಟದ ಯಜಮಾನ್ರು ಕಾಗದದ ಬೆಲೆ ಮಾತ್ರ ತಗೋತಾರೆ. ಜೋಡಣೆ ನಾನೇ ಮಾಡ್ತೀನಿ."

"ಐಲರ್ಟ್ ಹಾಕ್ಸಿದ ಹಾಗಾ?" ಎಂದ ಊಬೊ.

ಗೇಶೆಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮನೆಯ ಐಲರ್ಟ್ ಬೀದಿಚೆಂಡಿನ ಆಟಗಾರ; ರಸ್ತೆಯುದ್ದಕ್ಕೂ ಚೆಂಡು ಉರುಳಿಸಿ ಯಾರದು ದೂರ ಹೋಯಿತೆಂದು ನೋಡುವ ಆಟ ಅದು. ತನ್ನ ಆಟದ ನೆನಪುಗಳನ್ನು ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸಿದ್ದ. ಹುಟ್ಟುಹಬ್ಬಕ್ಕೆ ಅದೇ, ಮದುವೆಗೆ ಅದೇ, ಆಸ್ಪತ್ರೆಯಲ್ಲಿ ಮಲಗಿದವರಿಗೂ ಅದೇ ಉಡುಗೊರೆ. ಊರಲ್ಲಿ ಒಂದೊಂದು ಮನೆಯಲ್ಲಿ ಮೂರು ಮೂರು ಪ್ರತಿ ಇದ್ದವು. ಉಳಿದದ್ದು ಅವನ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗೆ ಇಲಿಗಳಿಗೆ ಹಾಸಿಗೆಯಾಗಿತ್ತು.

"ನಮ್ಮನೆ ಕಕ್ಕಸಿನ ಬಾಗಿಲು ಗಾಳಿಗೆ ಬಡ್ಕೋತಿತ್ತು, ಈಗ ಇಲ್ಲ. ಐಲರ್ಟ್ ಸಾಹಿತ್ಯದಿಂದ ಅಷ್ಟು ಉಪಕಾರ ಆಗಿದೆ" ಎಂದ ಊಬೊ.

"ಅಮ್ಮನ ಪುಸ್ತಕಾನೂ ಐಲರ್ಟ್ ಮಾವನ ಪುಸ್ತಕಾನೂ ಒಂದೇನಾ ಅಪ್ಪ?"

"ಓದೋರಿಗೆ ಬೇರೆ. ಊರಿಗೆ ಒಂದೇ. ತನ್ನ ಮದುವೆಗೆ ತಾನೇ ಡೋಲು ಬಾರಿಸ್ಕೊಂಡ ಅಂತಾರೆ. ಹಾಂಬುರ್ಗಿನವರು ಅವರ ದುಡ್ಡು ಹಾಕಿ ಮಾಡ್ತೀವಿ ಅನ್ನುವಾಗ ನಾವ್ಯಾಕೆ ನಮ್ಮದು ಹಾಕ್ಬೇಕು? ಪಶ್ಚಿಮದ ಕಡೆ ಹಂಚು ಸಡಿಲಾಗಿರೋದು ನೋಡಿದೀಯಾ? ಆ ದುಡ್ಡು ಮನೆ ಮಾಡಿಗೆ ಅಂತ ಇಟ್ಟಿದ್ದು."

"ಮಾಡು, ಮಾಡು! ಈ ಮನೇಲಿ ಯಾರಾದರೂ ಉಸಿರಾಡಿದ್ರೂ ಮಾಡಿನ ಮಾತು!"

"ಮಾಡಿನ ಕೆಳಗೆ ಕೂತ್ಕೊಂಡು ಹೇಳ್ತಿದೀಯ."

"ಅಮ್ಮ, ನೀನೇ ಹೇಳು. ನಿಂಗೇನು ಬೇಕು?"

ತೇದಾ ಕಪ್ಪಿನ ಕಡೆ ನೋಡುತ್ತ, "ನಂಗೊತ್ತಿಲ್ಲ" ಎಂದಳು.

"ಅವಳಿಗೆ ಗೊತ್ತಿಲ್ಲ. ನಿಂಗೆ ಮಾತ್ರ ಎಲ್ಲಾ ಗೊತ್ತು" ಎಂದ ಊಬೊ ಮಗಳಿಗೆ. "ಒಂದು ವರ್ಷ ಅಚ್ಚಿನ ಮಸಿ ಮುಟ್ಟಿದ್ದಕ್ಕೆ ಬುದ್ಧಿ ಬೆರಳಲ್ಲಿ ಬಂದುಬಿಡ್ತು!"

"ನಿಂಗೆ ಕೆಸರಲ್ಲಿ ನಿಂತು ನಿಂತು ತಲೇಲೂ ಅದೇ ಸೇರಿದೆ!"

ಊಬೊ ತಟ್ಟೆಯನ್ನು ದೂರ ತಳ್ಳಿದ. ಒಂದೇ ಕಪ್ಪು ಕುಡಿದಿದ್ದ. ಚಮಚ ಎತ್ತಿ ಖಾಲಿ ಕಪ್ಪಿನೊಳಗೆ ಇಟ್ಟ. ಗೇಶೆ ಕೆಟಲಿಗೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ಮೂರು ಕಪ್ಪು ಆಗುವ ಮೊದಲು ಚಮಚ ಕಪ್ಪಿನೊಳಗೆ ಬಿತ್ತೆಂದರೆ ಸಾಕು, ನಿಮ್ಮ ಟೀಯೂ ಸಾಕು ನೀವೂ ಸಾಕು ಎಂದ ಹಾಗೆ. ಓಕ್ಕಾಳ ಮುಖ ಸುಣ್ಣವಾಯಿತು. ಅವಳ ಅಪ್ಪ ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಅಕ್ಟೋಬರಿನಲ್ಲಿ ಹಾಂಬುರ್ಗಿನಿಂದ ಫೋನು ಬಂತು. ಮಾತಾಡಿದ್ದು ರೌಟೆನ್‌ಬೆರ್ಗ್ ಎಂಬ ಸಂಪಾದಕಿ. ತೇದಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆ ಮಾತಿನಲ್ಲಿ, ನಿಂತೇ ಮಾತಾಡಿದಳು. ಗೇಶೆ ಒಲೆಯ ಹತ್ತಿರ ಕಿವಿಯಾಗಿ ಕೂತಿದ್ದಳು.

"ಏನಂತೆ?"

"ಒಳ್ಳೆ ಹೆಂಗಸು ಅತ್ತೆ. ಹಿಲ್ಕೆ ಹೋದ ಅಧ್ಯಾಯ ಓದಿ ಆಫೀಸಿನಲ್ಲೇ ಅತ್ತಳಂತೆ. ನಿಮ್ಮಂಥವರು ಬೇಕರಿಯಲ್ಲಿ ಯಾಕಿದ್ದೀರಿ ಅಂದಳು."

"ಬ್ರೆಡ್ಡು ಮಾರೋಕೆ ಅನ್ನಬೇಕಿತ್ತು."

ತೇದಾ ನಕ್ಕಳು. ತುಂಬ ದಿನದ ಮೇಲೆ ನಕ್ಕದ್ದು. "ಇನ್ನು ಸ್ವಲ್ಪ ದಿನ ಕೊಡಿ ಅಂತ ಕೇಳ್ದೆ. ಕೊಟ್ಟಿದ್ದಾಳೆ."

ಆ ದಿನಗಳಲ್ಲಿ ತೇದಾ ಮಗಳ ಜೊತೆ ಅಚ್ಚುಕೂಟಕ್ಕೂ ಹೋಗಿಬಂದಳು. ಯಜಮಾನ ಕಾಗದದ ಮಾದರಿ ತೋರಿಸಿ, "ಅಚ್ಚು ಮಾಡೋದು ನನ್ನ ಕೆಲಸ. ಮಾರೋದು ನಿಮ್ಮದು. ಅಂಗಡಿಯವರು ಸ್ವಂತ ಖರ್ಚಿನ ಪುಸ್ತಕಾನ ಮುಂದೆ ಇಡಲ್ಲ ಅಮ್ಮ. ಸುಳ್ಳು ಹೇಳಿ ನಿಮ್ಮ ದುಡ್ಡು ತಗೊಳ್ಳಲ್ಲ" ಎಂದನಂತೆ. ಓಕ್ಕಾ ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದು ತೇದಾ.

ಮಾರುವುದು ಎಂದರೆ ಏನೆಂದು ನವೆಂಬರಿನಲ್ಲಿ ಗೊತ್ತಾಯಿತು. ಚರ್ಚಿನ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಸಂತೆ. ಗೇಶೆ ದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಸವರುವ ಮೇಜಿನಲ್ಲಿದ್ದಳು. ಎದುರಿಗೆ ಐಲರ್ಟ್ ತನ್ನ ಪುಸ್ತಕಗಳನ್ನು ಇಟ್ಟಿಗೆಯಂತೆ ಪೇರಿಸಿಕೊಂಡು ನಿಂತಿದ್ದ. "ಒಂದು ಗಂಟೆ ನನ್ನ ಜೊತೆ ನಿಂತು ನೋಡು ತೇದಾ. ಇದೂ ಒಂದು ಆಟವೇ. ಚೆಂಡು ಬಿಟ್ಟ ಮೇಲೆ ನಾಚ್ಕೋಬಾರದು" ಎಂದು ಅವನೇ ಕರೆದಿದ್ದ.

ತೇದಾ ನಿಂತಳು. ಐಲರ್ಟ್ ಹೋಗುವವರ ತೋಳು ಹಿಡಿದು ನಿಲ್ಲಿಸಿದ; ಹಾಡಿದ; ಒಬ್ಬಳ ಚೀಲಕ್ಕೆ ಪುಸ್ತಕ ಹಾಕಿ ಆಮೇಲೆ ದುಡ್ಡು ಕೇಳಿದ. ಅವನು ಬೀರು ತರಲು ಹೋದಾಗ ವೈದ್ಯರ ಹೆಂಡತಿ ಬಂದಳು. ಪುಸ್ತಕ ತಿರುವಿ ನೋಡಿ, "ನೀವೂ ಏನೋ ಬರೀತೀರಂತೆ? ನಿಮ್ಮದು ಯಾವುದು ಇದರಲ್ಲಿ?" ಎಂದಳು.

"ನಂದಾ? ಇಲ್ಲ ಇಲ್ಲ. ನಾನು ಸುಮ್ನೆ... ಐಲರ್ಟ್ ಈಗ ಬರ್ತಾರೆ" ಎನ್ನುತ್ತ ತೇದಾ ಮೇಜಿನಿಂದ ಹಿಂದೆ ಸರಿದಳು. ಸರಿದು ಸರಿದು ಗೋಡೆಗೆ ಬೆನ್ನು ತಾಗಿತು. ಮುಖ ಮೂಲಂಗಿಯಂತೆ ಕೆಂಪಾಗಿತ್ತು. ವೈದ್ಯರ ಹೆಂಡತಿಗೆ ಏನನ್ನಿಸಿತೋ, ಪಾಪ, ಬೇಡದಿದ್ದರೂ ಐಲರ್ಟನ ಪುಸ್ತಕವೊಂದನ್ನು ಕೊಂಡು ಹೋದಳು.

ಗೇಶೆ ಬೆಣ್ಣೆಯ ಚಾಕು ಹಿಡಿದು ಎಲ್ಲವನ್ನೂ ನೋಡಿದಳು. ಮನೆಗೆ ಬರುವಾಗ ಸಮುದ್ರಕ್ಕೆ ಅಡ್ಡ ಕಟ್ಟಿದ ದಿಬ್ಬದ ದಾರಿಯಲ್ಲಿ ಎದುರುಗಾಳಿ. ತೇದಾ ತಲೆ ತಗ್ಗಿಸಿ ಸೈಕಲ್ ತಳ್ಳುತ್ತ, "ನನ್ನಿಂದ ಆಗಲ್ಲ ಅತ್ತೆ. ನನ್ನ ಪುಸ್ತಕ ತಗೊಳ್ಳಿ ಅಂತ ಇನ್ನೊಬ್ಬರ ಮುಂದೆ ನಿಲ್ಲೋಕೆ ಆಗಲ್ಲ" ಎಂದಳು.

"ಹಾಗಾದ್ರೆ ಹಾಂಬುರ್ಗಿಗೆ ಕೊಡು. ನಾನು ಮೊದಲಿಂದ ಹೇಳಿದ್ದೂ ಅದೇ."

ಮರುದಿನದಿಂದಲೇ ತೇದಾ ತಿದ್ದಲು ಕೂತಳು. ಆಲೂಗೆಡ್ಡೆ ತಳ ಹತ್ತಿತು. ಕೋಳಿಗಳಿಗೆ ಕಾಳು ಹಾಕುವುದು ಮರೆಯಿತು. ಊಬೊ ದೂರಲಿಲ್ಲ, ತಳ ಹತ್ತಿದ್ದನ್ನು ಕೆರೆದು ತಿಂದು, "ಹೊಗೆ ಪರಿಮಳ ಚೆನ್ನಾಗಿದೆ" ಎಂದ. ಏಣಿ ಇಟ್ಟು ಪಶ್ಚಿಮದ ಹಂಚುಗಳನ್ನು ಲೆಕ್ಕ ಹಾಕಿಬಂದ. ಓಕ್ಕಾ ಮಾತ್ರ ತಾಯಿಯ ಜೊತೆ ಉಪ್ಪು ಕೊಡು, ನೀರು ಕೊಡು ಎನ್ನುವುದರಾಚೆ ಮಾತಾಡಲಿಲ್ಲ.

ನವೆಂಬರಿನ ಕೊನೆಯಲ್ಲಿ ಗೇಶೆ ಒಣಗಿದ ಹುರುಳಿಕಾಯಿಯ ಮಾಲೆ ಇಳಿಸಿ ನೂಲು ಬಿಚ್ಚುತ್ತಿದ್ದಳು. ತೇದಾ ಬೇಕರಿಯಲ್ಲಿದ್ದಳು. ಓಕ್ಕಾಗೆ ರಜೆ. ಮೇಜಿನ ತುದಿಯಲ್ಲಿ ಎರಡು ಕಂತೆಗಳಿದ್ದವು, ಹಳೆಯದೊಂದು, ತಿದ್ದಿದ್ದೊಂದು.

"ಸುಮ್ನೆ ಮುಖ ಊದಿಸ್ಕೊಂಡು ಕೂರೋ ಬದಲು ಅದನ್ನ ಓದಿ ಹೇಳೇ. ನನ್ನಕ್ಕನ ಕಥೆ ಹಾಂಬುರ್ಗಿನವರು ಓದ್ತಾರೆ, ನಾನು ಕೇಳಬಾರದಾ?"

"ಅಮ್ಮ ಬೈತಾಳೆ."

"ಬೈದ್ರೆ ನಂಗೆ ಬೈತಾಳೆ. ಹಿಲ್ಕೆ ಹೋದ ದಿನದ್ದು ಓದು. ತಿದ್ದಿದ್ದು ಓದು, ಚೆನ್ನಾಗಿರೋದು."

ಓಕ್ಕಾ ಓದಿದಳು. ಮೊದಮೊದಲು ಗೇಶೆ ತಲೆದೂಗಿದಳು. ಅಡಿಗೆಮನೆ ಸರಿಯಾಗಿತ್ತು, ತಾಯಿಯ ಕರಿ ಅಂಗಿ, ಕಿಟಕಿಯಲ್ಲಿ ಸೋರುವ ನೀರು, ಮೇಜಿನ ಕೆಳಗೆ ಕೂತ ಪುಟ್ಟ ಹುಡುಗಿ. ಆ ಹುಡುಗಿ ತಾನೇ. ಓಕ್ಕಾ ಹಿಲ್ಕೆಯ ಮಾತಿಗೆ ಬಂದಳು.

"'ಹಿಲ್ಕೆ ಮೊದಲನೆಯ ಕಪ್ಪಿನಲ್ಲಿಯೇ ಚಮಚವನ್ನು ಇಟ್ಟಳು. ಈ ಪ್ರದೇಶದಲ್ಲಿ ಅತಿಥಿಗಳು ಮೂರು ಕಪ್ ಚಹಾ ಸೇವಿಸುವುದು ವಾಡಿಕೆ. ಅದಕ್ಕೂ ಮೊದಲೇ ಚಮಚವನ್ನು ಕಪ್ಪಿನೊಳಗಿಡುವುದು ನಿರಾಕರಣೆಯ ಸಂಕೇತವೆಂದು ಪರಿಗಣಿಸಲ್ಪಡುತ್ತದೆ. ತಾಯಿ, ನನಗೆ ಸಾಕಾಗಿದೆ ಎಂದಳವಳು. ಉಳಿದಿರುವುದನ್ನು ತಾವೇ ಸೇವಿಸಿರಿ.'"

ಗೇಶೆಯ ಕೈಯಲ್ಲಿ ನೂಲು ಬಿಗಿಯಾಯಿತು. "ಇನ್ನೊಂದ್ಸಲ ಓದು."

ಓಕ್ಕಾ ಓದಿದಳು.

"ಇದ್ಯಾರು ಮಾತಾಡ್ತಿರೋದು?"

"ಹಿಲ್ಕೆ, ಅಜ್ಜಿ."

"ನಮ್ಮ ಹಿಲ್ಕೇನಾ? ತಾವೇ ಸೇವಿಸಿರಿ ಅಂತ ನಮ್ಮನೇಲಿ ಯಾರೇ ಅಂದಿದ್ರು? ಪಾದ್ರಿ ಬಂದಾಗಲೂ ಅಂದಿರಲಿಲ್ಲ. ಇದು ನಮ್ಮ ಮೇಷ್ಟ್ರು ಮಾತಾಡಿದ ಹಾಗಿದೆ." ನೂಲನ್ನು ಮೇಜಿನ ಮೇಲಿಟ್ಟು ಹೇಳಿದಳು: "ಅವಳು ಚಮಚ ಇಟ್ಟಾಗ ಯಾರೂ ಉಸಿರು ಬಿಡಲಿಲ್ಲ. ಇಲ್ಲಿ ಯಾರೋ ಮಧ್ಯೆ ನಿಂತ್ಕೊಂಡು ಪ್ರವಾಸಿಗಳಿಗೆ ಪಾಠ ಹೇಳ್ತಿದ್ದಾರಲ್ಲ! ಹಳೇದು ಓದು."

ಓಕ್ಕಾ ಇನ್ನೊಂದು ಕಂತೆ ಎಳೆದುಕೊಂಡಳು. ಈ ಸಲ ಅವಳ ದನಿ ತಾನಾಗಿ ತಗ್ಗಿತು.

"'ಹಿಲ್ಕೆ ಮೊದಲನೇ ಕಪ್ಪಿಗೇ ಚಮಚ ಹಾಕಿದಳು. ನಂದಾಯ್ತಮ್ಮ. ಉಳಿದಿದ್ದು ನೀನೇ ಕುಡ್ಕೋ.'"

ಗೇಶೆ ಎದ್ದಳು. ಉರುವಲು ತರುತ್ತೇನೆ ಎಂದು ಬುಟ್ಟಿ ಹಿಡಿದು ಹಿತ್ತಿಲಿಗೆ ಹೋದಳು. ಒಲೆಯ ಪಕ್ಕ ಉರುವಲು ತುಂಬಿಯೇ ಇತ್ತು. ಓಕ್ಕಾ ಹಿಂದೆ ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಅಜ್ಜಿ ಖಾಲಿ ಬುಟ್ಟಿಯ ಜೊತೆ ವಾಪಸು ಬಂದು, ಒಣಕಾಯಿಗಳನ್ನು ನೀರಿಗೆ ಹಾಕಿದಳು.

ಸಂಜೆ ತೇದಾ ಬಂದು ಏಪ್ರನ್ ಕಟ್ಟಿಕೊಳ್ಳುತ್ತಿದ್ದಾಗಲೇ ಗೇಶೆ ಹೇಳಿದಳು: "ಅದನ್ನ ಹಾಂಬುರ್ಗಿಗೆ ಕೊಡಬೇಡ."

"ಯಾವುದನ್ನ?"

"ಹಿಲ್ಕೇನ. ಅವಳು ಹಾಗೆ ಮಾತಾಡಿದ್ದೇ ಇಲ್ಲ. ಹಾಗೆ ಮಾತಾಡಿದ್ದಿದ್ರೆ ನಾನು ಅವಳ ಹಿಂದೆ ದಿಬ್ಬದ ತನಕ ಅಳ್ತಾ ಓಡ್ತಿರಲಿಲ್ಲ."

ತೇದಾ ಓಕ್ಕಾಳ ಕಡೆ ನೋಡಿದಳು. ಆಮೇಲೆ ಅತ್ತೆಯ ಕಡೆ.  ಆ ಮನೆಗೆ ಬಂದಾಗಿನಿಂದ ಅತ್ತೆಯೆದುರು ದನಿ ಏರಿಸದವಳು ಆವತ್ತು ಏರಿಸಿದಳು.

"ನೀವೇ ಅಲ್ವಾ ಹೇಳಿದ್ದು? ಪುಸ್ತಕ ಅಂದ್ರೆ ಶಾಲೆ ಮಾತು ಅಂದಿದ್ದು ಯಾರು? ಜನ ನಗ್ತಾರೆ ಅಂದಿದ್ದು ಯಾರು? ಹಾಂಬುರ್ಗಿಗೆ ಕೊಡು ಅಂದಿದ್ದು? ಇಷ್ಟು ದಿನ ಒಂದೊಂದು ಮಾತೂ ಕಿತ್ತು ಕಿತ್ತು ಹಾಕಿದೀನಿ ಅತ್ತೆ, ನನ್ನ ಕೈಯಾರೆ!"

"ಹೇಳಿದ್ದೆ. ಕೇಳದೇ ಹೇಳಿದ್ದೆ. ಈಗ ಕೇಳಿದೆ."

"ಒಂದು ಮಧ್ಯಾಹ್ನಕ್ಕೆ ಬುದ್ಧಿ ಬದಲಾಯ್ತಾ?"

"ಬದಲಾಯ್ತು. ಮುದುಕೀರಿಗೆ ಬದಲಾಗಬಾರದು ಅಂತ ಎಲ್ಲಿ ಬರೆದಿದೆ?"

"ಅಮ್ಮ, ನಾನು ಹೇಳಿದ್ದೂ ಅದೇ" ಎಂದು ಓಕ್ಕಾ ಬಾಯಿ ಹಾಕಿದಳು.

"ನೀನು ಸುಮ್ನಿರು! ನಿಂಗೆ ಅಚ್ಚು ಮಾಡೋದು ಮಾತ್ರ ಗೊತ್ತು." ತೇದಾ ಕುರ್ಚಿಗೆ ಕುಸಿದಳು. "ಯಾರು ಮಾರ್ತಾರೆ? ಸಂತೆಯಲ್ಲಿ ನೋಡಿದ್ರಲ್ಲ ನನ್ನ ಶೌರ್ಯ."

"ನಾನು ಮಾರ್ತೀನಿ. ಸೈಕಲ್ ಮೇಲೆ ಸೀಗಡಿ ಮಾರಿದೋಳು ನಾನು. ಬೇಡ ಅಂದೋರ ಅಡಿಗೆಮನೇಲೂ ತಕ್ಕಡಿ ಇಟ್ಟಿದೀನಿ."

"ಪುಸ್ತಕ ಸೀಗಡಿ ಅಲ್ಲ ಅತ್ತೆ."

"ಅಲ್ಲ. ಪುಸ್ತಕ ಸಾಯಂಕಾಲಕ್ಕೆ ನಾರಲ್ಲ."

ಯಾರೂ ನಗಲಿಲ್ಲ. ತೇದಾ ಏಪ್ರನ್ನಿನ ಅಂಚನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದಳು. ಆಮೇಲೆ ಅಂದ ಮಾತು ಗೇಶೆಯ ಎದೆಯಲ್ಲಿ ನಿಂತಿತು.

"ಮಾರೋದೂ ಅಲ್ಲ ಅತ್ತೆ, ದುಡ್ಡೂ ಅಲ್ಲ. ನನ್ನ ಹೆಸರು ಕೇಳಿರದ, ಮುಖ, ಊರು ನೋಡಿರದ ಒಬ್ಬರು ಇದನ್ನ ಓದಿ, ಚೆನ್ನಾಗಿದೆ, ಅಚ್ಚು ಹಾಕ್ತೀವಿ ಅಂದ್ರಲ್ಲ. ಅದಕ್ಕೆ ಎಷ್ಟು ವರ್ಷ ಕಾದಿದೀನಿ ನಾನು. ಅದನ್ನ ವಾಪಸು ಕಳಿಸಿದ್ರೆ ನನ್ನ ಕೈಯಲ್ಲಿ ಏನುಳೀತು? ನೀವು ಚೆನ್ನಾಗಿದೆ ಅಂತೀರಿ, ಓಕ್ಕಾ ಅಂತಾಳೆ. ಮನೆಯೋರು ಅನ್ನದೆ ಇರ್ತಾರಾ? ಐಲರ್ಟ್ ಹೆಂಡತೀನೂ ಅವನಿಗೆ ಹಾಗೇ ಅಂದಿದ್ಲು."

ಗೇಶೆ ಒಲೆಯಿಂದ ಪಾತ್ರೆ ಇಳಿಸಿದಳು.  ಬೆಂದ ಕಾಯಿ ಬಡಿಸಿದಳು. ಹಂದಿಮಾಂಸದ ದೊಡ್ಡ ತುಂಡನ್ನು ಸೊಸೆಯ ತಟ್ಟೆಗೆ ಹಾಕಿದಳು. ತೇದಾ ಅದನ್ನು ಮುಟ್ಟಲಿಲ್ಲ. ಊಬೊ ಬಂದು ಕೂತ, ಮೂವರ ಮುಖವನ್ನೂ ನೋಡಿದ, ಏನಾಯಿತೆಂದು ಕೇಳದೆ ಉಂಡ.

ಮೂರನೆಯ ಒಂದು ದಾರಿ ಇರಬಹುದೆಂದು ತೇದಾ ರೌಟೆನ್‌ಬೆರ್ಗ್‌ಗೆ ತಾನಾಗಿ ಫೋನು ಮಾಡಿದಳು. ಬೇರೆಯವರದೆಲ್ಲ ಬದಲಾಯಿಸುತ್ತೇನೆ, ಹಿಲ್ಕೆಯದೊಂದು ಇರಲಿ ಎಂದು ಕೇಳಿದಳು. ಆ ಹೆಂಗಸು ಕೇಳಿ ನೋಡಿ ಹೇಳುತ್ತೇನೆ ಎಂದಳಂತೆ. ಎರಡು ದಿನ ಬಿಟ್ಟು ಅವಳೇ ಮಾಡಿದಳು. ನನಗೆ ಅರ್ಥವಾಗುತ್ತದೆ, ಪ್ರಕಾಶನದ ಎಲ್ಲರಿಗೂ ಓದಿ ಹೇಳಿದ್ದೇನೆ. ಆದರೆ ಮಾರಾಟದವರು ಒಪ್ಪುವುದಿಲ್ಲ, ಕ್ಷಮಿಸಿ ಎಂದಳು. ಹೊಸ ವರ್ಷದೊಳಗೆ ಹೂಂ ಅಥವಾ ಉಹೂಂ ಬರೆದು ತಿಳಿಸಬೇಕು. ಆ ಜಾಗಕ್ಕೆ ಬೇರೆ ಪುಸ್ತಕ ಕಾದಿದೆ.

"ಅವಳ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ. ಸಿಟ್ಟು ಬಂದಿದ್ರೆ ಸುಲಭವಾಗ್ತಿತ್ತು" ಎಂದಳು ತೇದಾ.

ಡಿಸೆಂಬರಿನಲ್ಲಿ ಅವಳು ಕಾಗದ ಬರೆದಳು. ಬರೆದದ್ದು ಎಲ್ಲರಿಗೂ ಗೊತ್ತಾಯಿತು. ಏನು ಬರೆದಳೆಂದು ಯಾರಿಗೂ ಗೊತ್ತಾಗಲಿಲ್ಲ. ಅಂಟಿಸಿ, ಅಂಚೆಚೀಟಿ ಹಚ್ಚಿ, ಹಿಟ್ಟಿನ ಡಬ್ಬಿಯ ಹಿಂದೆ ನಿಲ್ಲಿಸಿದಳು. ಅಲ್ಲಿಂದ ಅದು ಅಲ್ಲಾಡಲಿಲ್ಲ. ಗೇಶೆ ಹಿಟ್ಟು ತೆಗೆಯುವಾಗಲೆಲ್ಲ ಅದರ ಬಿಳಿ ಮೂಲೆ ಕಾಣುತ್ತಿತ್ತು. ಒರೆಸುವ ಬಟ್ಟೆ ಹಿಡಿದರೂ ಆ ಜಾಗವನ್ನು ಸುತ್ತಿ ಒರೆಸುತ್ತಿದ್ದಳು.

"ಅಜ್ಜಿ, ನೀವೇ ಹಾಕಿಬಿಡಿ ಅಂಚೆ ಡಬ್ಬಿಗೆ" ಎಂದು ಓಕ್ಕಾ ಒಮ್ಮೆ ಪಿಸುಗುಟ್ಟಿದಳು.

"ನಿನ್ನ ಪ್ರೇಮಪತ್ರ ನಾನು ಹಾಕಿದ್ರೆ ಹೇಗಿರುತ್ತೆ? ಕೈ ತೆಗಿ ಅಲ್ಲಿಂದ."

ಕ್ರಿಸ್‌ಮಸ್ ಬಂತು, ಹೋಯಿತು. ಮರುದಿನದ ಬೆಳಗಿನ ತಿಂಡಿಯ ಹೊತ್ತಿಗೆ ಊಬೊ ಬೆಣ್ಣೆ ಸವರುತ್ತ, ಯಾರನ್ನೂ ನೋಡದೆ, "ಪಶ್ಚಿಮದ ಹಂಚು ನಾನೇ ಸರಿಸಿ ಕೂಡಿಸ್ತೀನಿ. ಹೊಸದು ಇನ್ನೊಂದು ವರ್ಷ ಬೇಕಾಗಿಲ್ಲ" ಎಂದ.

"ಸೋರಲ್ವಾ?" ಎಂದಳು ತೇದಾ.

"ಸೋರುತ್ತೆ. ಬಕೆಟ್ಟು ಇಡೋದು."

"ಊಬೊ, ನಾನು ಏನು ಬರೆದಿದೀನಿ ಅಂತ ನಿಂಗೊತ್ತಾ?"

"ಇಲ್ಲ. ಯಾವುದು ಬರೆದಿದ್ರೂ ನನ್ನ ಮಾಡು ಅಡ್ಡ ಬಂತು ಅನ್ನಬಾರದು ನೋಡು, ಅದಕ್ಕೆ ಹೇಳ್ದೆ." ಅವನು ಕಿವಿಯ ತನಕ ಕೆಂಪಾಗಿ, ಬ್ರೆಡ್ಡನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಎದ್ದ.

ಆವತ್ತು ಮಧ್ಯಾಹ್ನ ಗೇಶೆ ಹೊಸ ವರ್ಷದ ತೆಳು ದೋಸೆಗಳನ್ನು ಕಬ್ಬಿಣದ ಅಚ್ಚಿನಲ್ಲಿ ಸುಟ್ಟು, ಬಿಸಿಯಿರುವಾಗಲೇ ಸುರುಳಿ ಸುತ್ತುತ್ತಿದ್ದಳು. ತೇದಾ ಬಂದು ಹಿಟ್ಟಿನ ಡಬ್ಬಿಯ ಹಿಂದಿನಿಂದ ಕಾಗದ ತೆಗೆದಳು. ಹಿಟ್ಟಿನ ಧೂಳು ಊದಿದಳು.

"ಅತ್ತೆ, ಅಂಗಡಿ ತನಕ ಬರ್ತೀರಾ?"

ಗೇಶೆ ಒಲೆ ತಗ್ಗಿಸಿ, ತಲೆಗೆ ವಸ್ತ್ರ ಕಟ್ಟಿ ಹೊರಟಳು. ದಾರಿಯಲ್ಲಿ ಮಂಜು ಗಟ್ಟಿಯಾಗಿತ್ತು. ಅತ್ತೆಯ ತೋಳನ್ನು ಸೊಸೆ ಹಿಡಿದಿದ್ದಳು. ಐಲರ್ಟ್ ಬೇಲಿಯಾಚೆಯಿಂದ "ಮೊಯಿನ್!" ಎಂದು ಊರಿನ ನಮಸ್ಕಾರ ಕೂಗಿದ. ಇಬ್ಬರೂ "ಮೊಯಿನ್" ಎಂದರು. ಅಂಗಡಿಯ ಗೋಡೆಯ ಹಳದಿ ಅಂಚೆಪೆಟ್ಟಿಗೆಯ ಮುಂದೆ ತೇದಾ ನಿಂತಳು. ಕಾಗದವನ್ನು ಸೀಳಿನೊಳಗೆ ಅರ್ಧ ತೂರಿಸಿ, ಹಾಗೆಯೇ ಹಿಡಿದುಕೊಂಡಳು.

"ಬೇಡ ಅಂತ ಬರೆದಿದೀನಿ."

ಗೇಶೆ ತಲೆಯಾಡಿಸಿದಳು. ಒಳ್ಳೆಯದಾಯಿತು ಎನ್ನಲು ಬಾಯಿ ಬರಲಿಲ್ಲ. ಒಳ್ಳೆಯದಾಗುತ್ತದೋ ಇಲ್ಲವೋ ಅವಳಿಗೇನು ಗೊತ್ತು?

"ಇನ್ಯಾರೂ ಕೇಳಲ್ಲ ಅತ್ತೆ. ಇದೇ ಒಂದು ಬಂದಿದ್ದು."

"ಹೂಂ. ಬೇರೆಯವರು ಕೇಳ್ತಾರೆ ಅಂತ ನಾನು ಸುಳ್ಳು ಹೇಳಲ್ಲ."

"ಒಂದು ತಮಾಷೆ ಗೊತ್ತಾ? ಈ ಕಾಗದಾನ ಶಾಲೆ ಮಾತಲ್ಲೇ ಬರೆದೆ. ಎಷ್ಟು ಚೆನ್ನಾಗಿ ಬಂತು ಅಂತೀರಿ. ಒಂದು ತಪ್ಪಿಲ್ಲ."

"ಅದನ್ನ ಹಾಗೇ ಬರೀಬೇಕು ಮಗಳೇ" ಎಂದಳು ಗೇಶೆ. "ಬೇಡ ಅನ್ನೋದನ್ನ ಅವರ ಮಾತಲ್ಲೇ ಹೇಳ್ಬೇಕು. ಅವರಿಗೆ ಪೂರ್ತಿ ತಿಳೀಬೇಕು."

ತೇದಾ ಕೈ ಬಿಟ್ಟಳು. ಖಾಲಿ ಪೆಟ್ಟಿಗೆಯ ತಳದಲ್ಲಿ ಕಾಗದ ಬಿದ್ದ ಸಣ್ಣ ಸದ್ದು ಇಬ್ಬರಿಗೂ ಕೇಳಿಸಿತು. ಅವಳ ಬೆರಳುಗಳು ಇನ್ನೂ ಸೀಳಿನೊಳಗಿದ್ದವು, ಗಿಣ್ಣಿನ ತನಕ. ಅದಕ್ಕಿಂತ ಒಳಗೆ ಹೋಗುತ್ತಿರಲಿಲ್ಲ.